ಪಂಕ್ತಿಯಲ್ಲಿ ಕೂತ ಬರ್ಗರ್

ನಾನು ಪಂಪ್‌ಸೆಟ್ ರಿಪೇರಿಗೆಂದು ಊರೂರು ತಿರುಗುವವನಲ್ಲ, ತಿನ್ನುವುದಕ್ಕೆಂದೇ ತಿರುಗುವವನು, ಪಂಪ್‌ಸೆಟ್ ಬರೀ ನೆಪ ಎಂಬುದು ನನ್ನ ಹೆಂಡತಿಯ ಅಭಿಪ್ರಾಯ. ಇದನ್ನು ಪೂರ್ತಿ ಸುಳ್ಳೆಂದು ಹೇಳಲು ನನಗೆ ಧೈರ್ಯವಿಲ್ಲ. ಕೆಟ್ಟ ಮೋಟಾರು ಯಾವ ತೋಟದಲ್ಲಿದ್ದರೂ ನಾನು ಹಿಡಿಯುವ ದಾರಿ ಮಾತ್ರ ಯಾವುದಾದರೂ ಒಳ್ಳೆಯ ಅಂಗಡಿಯ ಮುಂದೆಯೇ ಹಾದುಹೋಗುತ್ತದೆ. ಈಚೆಗೆ ನಮ್ಮ ಕಡೆಯ ಸಣ್ಣಸಣ್ಣ ಊರುಗಳಿಗೂ ಬರ್ಗರ್ ಬಂದಿದೆ. ಹೀಗಾಗಿ ಆಲೂರಿನಿಂದ ಹೆತ್ತೂರಿನವರೆಗೆ ಯಾವ ಬನ್ನಿನೊಳಗೆ ಏನಿದೆ ಎಂದು ನನ್ನನ್ನು ಕೇಳಿದರೆ ನಿದ್ದೆಗಣ್ಣಿನಲ್ಲೂ ಹೇಳುತ್ತೇನೆ.

ಆಲೂರಿನ ಒಂದು ಬೇಕರಿಯಲ್ಲಿ ಬರ್ಗರ್ ಎಂದರೆ ಎಗ್ ಪಫ್ಸಿನ ಪಲ್ಯವನ್ನು ಸಿಹಿ ಬನ್ನಿಗೆ ತುರುಕಿ, ಮೇಲೊಂದು ಕೆಂಪು ಚೆರ್ರಿ ಚುಚ್ಚಿ ಕೊಡುವ ಪದಾರ್ಥ. ಆ ಚೆರ್ರಿ ಏಕೆ ಎಂದು ಕೇಳಿದ್ದಕ್ಕೆ ಮಾಲೀಕ, "ಬುಡಿ ಸಾರ್, ಇರ್ಲಿ, ಚೆಂದ ಕಾಣ್ತದೆ," ಎಂದ. ಮಾರನಹಳ್ಳಿಯ ಹತ್ತಿರ, ಘಾಟಿ ಶುರುವಾಗುವ ಮೊದಲು, ತಳ್ಳುಗಾಡಿಯವನೊಬ್ಬನಿದ್ದಾನೆ. ಅವನು ಬರ್ಗರ್ ಮಾಡುವ ಮುಂಚೆ, "ಘಾಟಿ ಇಳಿಯೋರಾ, ಹತ್ತಿ ಬಂದೋರಾ?" ಎಂದು ವಿಚಾರಿಸುತ್ತಾನೆ. ಇಳಿಯುವವರಿಗೆ ಎಣ್ಣೆ ಕಮ್ಮಿ, ಖಾರ ಕಮ್ಮಿ. ತಿರುವುಗಳಲ್ಲಿ ಏನಾಗುತ್ತದೆ ಎಂಬುದು ಅವನಿಗೆ ಗೊತ್ತು. ಗಿರಾಕಿಯ ಹೊಟ್ಟೆಯ ಬಗ್ಗೆ ಇಷ್ಟು ದೂರ ಯೋಚಿಸುವ ಅಂಗಡಿಯನ್ನು ನಾನು ದೊಡ್ಡ ಪಟ್ಟಣಗಳಲ್ಲೂ ಕಂಡಿಲ್ಲ. ಬೋರ್ಡಿನ ಮೇಲೆ ಬರ್ಗರಿನ ಚಿತ್ರ ಎಷ್ಟು ದೊಡ್ಡದಿರುತ್ತದೋ ಒಳಗೆ ಸಿಗುವ ಬರ್ಗರ್ ಅಷ್ಟೇ ಚಿಕ್ಕದಿರುತ್ತದೆ, ಇದು ನಾನು ಕಾಸು ಕಳೆದುಕೊಂಡು ಕಲಿತ ಪಾಠ.

ಈಗ ಹೇಳಬೇಕಾಗಿರುವುದು ಬೋರ್ಡಿನ ಮೇಲೆ ಚಿತ್ರವೇ ಇಲ್ಲದ ಒಂದು ಅಂಗಡಿಯ ವಿಷಯ. ಅದು ನನ್ನ ಅಕ್ಕನದು. ಸಕಲೇಶಪುರದಿಂದ ಹೆತ್ತೂರಿನ ಕಡೆ ಹೊರಟರೆ, ಹೆತ್ತೂರು ಇನ್ನೂ ದೂರವಿದೆ ಎನ್ನುವಾಗ, ರಸ್ತೆ ಬದಿಗೆ ಅವಳ ಗಂಡನ ಮನೆಯವರ ಕಾಫಿ ಸ್ಟೋರ್ ಇದೆ. ಕೊಯ್ಲಿನ ಕಾಲದಲ್ಲಿ ಒಣಗಿದ ಕಾಫಿಯ ಚೀಲ ಒಟ್ಟುವ ಜಾಗ ಅದು. ಉಳಿದ ದಿನಗಳಲ್ಲಿ ಹಳೇ ಸ್ಪ್ರೇಯರ್, ಮುರಿದ ಏಣಿ, ಮರಿ ಹಾಕಿದ ಬೆಕ್ಕು, ಇಷ್ಟೇ ಇರುತ್ತಿದ್ದವು. ಬಿಸಿಲೆ ಘಾಟಿ ನೋಡಲು ಹೋಗುವ ಬೈಕಿನವರೂ ಕಾರಿನವರೂ ದಾರಿಯಲ್ಲಿ ಏನೂ ಸಿಗದೆ ಅಕ್ಕನ ಮನೆಯ ಬಾಗಿಲಿಗೇ ಬಂದು ನೀರು ಕೇಳುತ್ತಿದ್ದರು. ನೀರು ಕೊಟ್ಟೂ ಕೊಟ್ಟೂ ಅಕ್ಕನಿಗೆ ಒಂದು ಯೋಚನೆ ಹೊಳೆಯಿತು. ಬೇಸಿಗೆಯಲ್ಲಿ ಸ್ಟೋರ್ ಗುಡಿಸಿ, ಸುಣ್ಣ ಬಳಿದು, ನಾಲ್ಕು ಟೇಬಲ್ ಹಾಕಿ ಬರ್ಗರ್ ಅಂಗಡಿ ತೆರೆದೇಬಿಟ್ಟಳು.

ಅಕ್ಕನ ಬರ್ಗರಿನ ಗುಟ್ಟು ಕಳಲೆ. ಮಳೆಗಾಲದಲ್ಲಿ ಸಿಗುವ ಎಳೆ ಬಿದಿರಿನ ಮೊಳಕೆಯನ್ನು ಸಣ್ಣಗೆ ಹೆಚ್ಚಿ, ನೀರು ಬದಲಿಸುತ್ತಾ ನೆನೆಸಿ, ಕಹಿ ತೆಗೆದು ಉಪ್ಪಿನಲ್ಲಿ ಹಾಕಿಡುತ್ತಾಳೆ. ಬೇಕಾದಾಗ ಅದಕ್ಕೆ ಕಡುಬಿನ ಅಕ್ಕಿತರಿ, ಈರುಳ್ಳಿ, ಕಾಳುಮೆಣಸು ಸೇರಿಸಿ ತಟ್ಟಿ ಕಾವಲಿಯ ಮೇಲೆ ಗರಿಗರಿಯಾಗುವ ತನಕ ಬೇಯಿಸುತ್ತಾಳೆ. ಕೆಳಗೆ ಸೂಜಿಮೆಣಸಿನ ಚಟ್ನಿ, ಮೇಲೆ ಸುಟ್ಟ ಈರುಳ್ಳಿ. ಮೊದಲನೆಯದನ್ನು ತಿಂದ ದಿನ ನಾನು ಮಾತಾಡಲಿಲ್ಲ. ಅಕ್ಕ ಗಾಬರಿಯಾಗಿ, "ಚೆನ್ನಾಗಿಲ್ವೇನೋ?" ಎಂದಳು. ಬಾಯಿ ತುಂಬ ಇದ್ದುದರಿಂದ ಕೈಯಲ್ಲೇ ಇನ್ನೊಂದು ತೋರಿಸಿದೆ.

ಎಲ್ಲ ಸರಿಯಿತ್ತು, ಅಕ್ಕನ ಮಾವ ಒಬ್ಬರನ್ನು ಬಿಟ್ಟು. ಅಕ್ಕ ಅವರನ್ನು ಮಾವಯ್ಯ ಎನ್ನುತ್ತಾಳೆ, ನಾನೂ ಹಾಗೆಯೇ. ಎಂಬತ್ತು ದಾಟಿದವರು. ಆ ಮನೆಯಲ್ಲಿ ಇಂದಿಗೂ ಗಿಡ ಕಸಿ ಮಾಡುವುದರಿಂದ ಹಿಡಿದು ನೆಂಟರ ಮನೆಗೆ ಯಾರು ಹೋಗಬೇಕು ಎಂಬುದರ ತನಕ ತೀರ್ಮಾನ ಅವರದೇ. ಅಂಗಡಿ ತೆರೆಯುವ ಮಾತು ಬಂದಾಗ ಅವರು ಬೇಡವೆನ್ನಲಿಲ್ಲ. "ಕೊಯ್ಲು ಬರೋಗಂಟ ನಡ್ಸವ್ವ. ಕೊಯ್ಲಿಗೆ ಸ್ಟೋರ್ ಬೇಕು," ಎಂದರು, ಅಷ್ಟೇ. ಆಮೇಲೆ ದಿನಾ ಬೆಳಿಗ್ಗೆ ಕೋಲೂರಿಕೊಂಡು ಅಂಗಡಿಯ ಮುಂದೆಯೇ ತೋಟಕ್ಕೆ ಹೋಗುವರು, ಬರುವರು. ಒಳಗೆ ಮಾತ್ರ ಕಾಲಿಟ್ಟವರಲ್ಲ.

"ಬ್ಯಾಡ ಅಂದಿದ್ರೆ ಜಗಳನಾದ್ರೂ ಆಡ್ಬೋದಿತ್ತು ಕಣೋ," ಎಂದಳು ಅಕ್ಕ ಒಂದು ದಿನ. "ಏನೂ ಅನ್ನಲ್ಲ. ಮಳೆ ನೋಡ್ದಂಗೆ ನೋಡ್ಕೊಂಡು ಹೋಯ್ತಾರೆ."

"ಕೊಯ್ಲು ಮುಗಿದ ಮೇಲೆ ಮತ್ತೆ ತೆಗೆದ್ರಾಯ್ತು ಬುಡಕ್ಕ."

"ಆಗಲ್ಲ. ಪೇಟೆಯೋರ ರಜ ಶುರುವಾಗೋದೇ ಕೊಯ್ಲಿನಾಗೆ. ಆವಾಗ ಮುಚ್ಚಿದ್ರೆ ಜನ ದಾರಿ ಮರೀತಾರೆ. ಒಂದ್ಸಲ ಚೀಲ ಒಳಗೆ ಬಂದ್ರೆ ನಾನು ಹೊರಗೆ." ಕಾವಲಿ ಉಜ್ಜುತ್ತಾ ಹೇಳಿದಳು: "ಆ ಮನ್ಯಾಗೆ ಸಾರಿಗೆ ಉಪ್ಪು ಎಷ್ಟು ಅನ್ನೋದನ್ನೂ ಯಾರೋ ಹೇಳಿದಂಗೆ ಹಾಕ್ಕೊಂಡು ಬಂದೀನಿ. ಇದೊಂದು ನಾನೇ ಯೋಚ್ನೆ ಮಾಡಿ ಮಾಡಿದ್ದು."

ಅಕ್ಕ ಇಂಥ ಮಾತಾಡುವವಳೇ ಅಲ್ಲ. ಹಾಗಾಗಿ ಮಧ್ಯಸ್ಥಿಕೆಗೆ ಇಳಿದೆ. ನಾನು ಮಧ್ಯಸ್ಥಿಕೆಗೆ ಇಳಿದ ಯಾವ ಕೆಲಸವೂ ಇದುವರೆಗೆ ಸುಧಾರಿಸಿದ್ದಿಲ್ಲ ಎಂಬುದು ಬೇರೆ ಮಾತು.

ಮಾರನೆಯ ದಿನವೇ ಬಿಸಿಬಿಸಿ ಬರ್ಗರೊಂದನ್ನು ಬಾಳೆ ಎಲೆಯಲ್ಲಿ ಸುತ್ತಿಕೊಂಡು ತೋಟಕ್ಕೆ ಹೋದೆ. ಮಾವಯ್ಯ ಮೆಣಸಿನ ಬಳ್ಳಿ ನೋಡುತ್ತಾ ನಿಂತಿದ್ದರು. ಕೈಗೆ ಕೊಟ್ಟೆ. ಬಿಚ್ಚಿ ನೋಡಿದರು, ಮೂಸಿ ನೋಡಿದರು, ಮೇಲೆ ಕೆಳಗೆ ಮಾಡಿದರು.

"ಇದ್ನ ಹೆಂಗೆ ತಿನ್ನೋದು?"

"ಹಿಂಗೇ ಮಾವಯ್ಯ, ನಿಂತ್ಕೊಂಡೇ ಕಚ್ಚೋದು."

"ನಿಂತ್ಕೊಂಡು ದನ ತಿಂತಾವೆ," ಎಂದರು. "ಬಾಯಿ ಇಷ್ಟಗಲ ತೆಗಿಯೋದು ಹಲ್ಲಿನ ಡಾಕ್ಟ್ರ ಮುಂದೆ ಕಣಯ್ಯ, ನೆಂಟರ ಮುಂದಲ್ಲ." ಬರ್ಗರನ್ನು ಮತ್ತೆ ಎಲೆಯಲ್ಲಿ ಸುತ್ತಿ, ತಪ್ಪು ವಿಳಾಸಕ್ಕೆ ಬಂದ ಪಾರ್ಸೆಲ್ ಕೊಡುವಂತೆ ನನ್ನ ಕೈಗೇ ವಾಪಸು ಕೊಟ್ಟರು. ವಾಪಸು ಬರುವ ದಾರಿಯಲ್ಲಿ ನಾನೇ ತಿಂದೆ, ನಿಂತುಕೊಂಡೇ.

ದೀಪಾವಳಿ ಕಳೆಯಿತು. ಕಾಫಿ ಹಣ್ಣು ಕೆಂಪಾಗತೊಡಗಿತು. ಮಾವಯ್ಯ ಚೀಲಗಳನ್ನು ಬಿಸಿಲಿಗೆ ಹಾಕಿಸಿದರೆಂದು ಅಕ್ಕ ಫೋನಿನಲ್ಲಿ ಹೇಳಿದಳು. ಅವಳ ಧ್ವನಿ ಚಿಕ್ಕದಾಗಿತ್ತು. ಅದಾದ ಮುಂದಿನ ಭಾನುವಾರವೇ ಹೆತ್ತೂರಿನಾಚೆ ಅವರ ನೆಂಟರ ಮನೆಯಲ್ಲಿ ನಿಶ್ಚಿತಾರ್ಥ. ಭಾನುವಾರ ಗಿರಾಕಿ ಜಾಸ್ತಿಯೆಂದು ಅಕ್ಕನೂ ಭಾವನೂ ಅಂಗಡಿಯಲ್ಲೇ ಉಳಿದರು. ಮಿಕ್ಕವರು, ಮಾವಯ್ಯನ ಮುಂದಾಳತ್ವದಲ್ಲಿ, ದಾಯಾದಿಗಳ ಮನೆಯವರನ್ನೂ ಸೇರಿಸಿಕೊಂಡು ಎರಡು ಜೀಪು, ಒಂದು ವ್ಯಾನು ತುಂಬ ಹೊರಟರು. ಒಂದು ಜೀಪು ನನ್ನದು. ಆದ್ದರಿಂದ ನಾನೂ ಇದ್ದೆ. ಅಲ್ಲಿ ಭರ್ಜರಿ ಊಟವಿದೆ ಎಂಬ ನಂಬಿಕೆಯಲ್ಲಿ ಬೆಳಿಗ್ಗೆ ಯಾರೂ ಸರಿಯಾಗಿ ತಿಂಡಿ ತಿಂದಿರಲಿಲ್ಲ. ಮನೆಗಳಲ್ಲಿ ಒಲೆಯನ್ನೂ ಹಚ್ಚಿರಲಿಲ್ಲ.

ಹೆತ್ತೂರು ದಾಟಿ ಸ್ವಲ್ಪ ದೂರ ಹೋಗುತ್ತಲೇ ರಸ್ತೆಯ ಮಧ್ಯೆ ಆನೆಗಳು. ಬೈನೆ ಮರವೊಂದನ್ನು ಅಡ್ಡ ಕೆಡವಿಕೊಂಡು, ಮರಿಯನ್ನು ಮಧ್ಯೆ ಇಟ್ಟುಕೊಂಡು ಸಾವಕಾಶವಾಗಿ ತಿನ್ನುತ್ತಿದ್ದವು. ಅರಣ್ಯ ಇಲಾಖೆಯವರು ದೂರದಲ್ಲೇ ನಮ್ಮನ್ನು ನಿಲ್ಲಿಸಿದರು. ಆನೆಗಳಿಗೆ ಯಾವ ಮುಹೂರ್ತವೂ ಇರಲಿಲ್ಲ. ನಾವು ಜೀಪಿನಲ್ಲಿ ಕೂತು, ಅವು ತಿನ್ನುವುದನ್ನು ನೋಡುತ್ತಾ, ಹಸಿದೆವು. ಕೊನೆಗೆ ನೆಂಟರ ಮನೆಯಿಂದಲೇ ಫೋನು ಬಂತು. ಉಂಗುರ ತೊಡಿಸಿದ್ದಾಯಿತು, ಊಟವೂ ನಡೆಯುತ್ತಿದೆ, ಹೋಳಿಗೆ ಬಹಳ ಮೆತ್ತಗಾಗಿದೆ ಎಂದರು. ಆ ಹೋಳಿಗೆಯ ಮಾತನ್ನು ಹೇಳುವ ಅಗತ್ಯವಿರಲಿಲ್ಲ. ಮಾವಯ್ಯ, "ತಿರುಗ್ಸಿ ಗಾಡಿನ," ಎಂದರು.

ವಾಪಸು ಬರುವಾಗ ಭಾವನ ಸೋದರತ್ತೆ ಆಗಾಗ, "ಹೋಳಿಗೆ," ಎಂದು ನಿಟ್ಟುಸಿರು ಬಿಡುತ್ತಿದ್ದರು. ಅಂಗಡಿಯ ಹತ್ತಿರ ಬರುತ್ತಲೇ ಕಾವಲಿಯಿಂದೆದ್ದ ಈರುಳ್ಳಿಯ ವಾಸನೆ ಜೀಪಿನೊಳಗೆ ನುಗ್ಗಿತು. ನಾನು ಯಾರನ್ನೂ ಕೇಳದೆ ಬ್ರೇಕ್ ಹಾಕಿದೆ. ಹಿಂದಿನ ಜೀಪೂ ವ್ಯಾನೂ ನಿಂತವು. ಮೂವತ್ತು ಚಿಲ್ಲರೆ ಜನ ಇಳಿದು ಮಾವಯ್ಯನ ಮುಖ ನೋಡಿದೆವು. ಮಾವಯ್ಯ ಮೊದಲು ಬಾಗಿಲು ನೋಡಿದರು, ಆಮೇಲೆ ಹಸಿದು ಅಳುತ್ತಿದ್ದ ಮಕ್ಕಳನ್ನು ನೋಡಿದರು. ನಂತರ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರು. ಕಾವಲಿಯ ಮುಂದಿದ್ದ ಅಕ್ಕ ಸೆರಗಿಗೆ ಕೈ ಒರೆಸಿಕೊಂಡಳು.

"ಎಲ್ಲಿ ಕೂರೋದವ್ವ?"

ಅಕ್ಕ ಟೇಬಲ್ ತೋರಿಸಿದಳು. ಮಾವಯ್ಯ ಆ ನಾಲ್ಕು ಟೇಬಲ್‌ಗಳನ್ನು ಒಂದೊಂದಾಗಿ ನೋಡಿ ತಲೆಯಾಡಿಸಿದರು. ನೆಂಟರೆಲ್ಲ ಒಟ್ಟಿಗೆ ಬಂದ ಮೇಲೆ ಮೂಲೆಗೊಬ್ಬರು ಕೂತು ತಿನ್ನುವುದು ಅವರ ಪ್ರಕಾರ ಊಟವೇ ಅಲ್ಲ. ಟೇಬಲ್‌ಗಳು ಗೋಡೆಗೆ ಸರಿದವು. ಕಾಫಿ ಒಣಗಿಸುವ ಚಾಪೆಗಳು ಉದ್ದಕ್ಕೂ ಬಿದ್ದವು. ಎದುರುಬದುರಾಗಿ ಎರಡು ಸಾಲು ಕೂತೆವು. ಭಾವ ಹಿತ್ತಲಿಂದ ಬಾಳೆ ಎಲೆ ಕೊಯ್ದು ತಂದ. ಅಷ್ಟು ಹೊತ್ತಿಗೆ ಬೆಂಗಳೂರಿನ ನಾಲ್ವರು ಬೈಕಿನ ಹುಡುಗರು ಆರ್ಡರ್ ಕೊಟ್ಟು ಕಾಯುತ್ತಿದ್ದರು. ಅವರು ಎದ್ದು ಹೊರಗೆ ಹೋಗಲು ನೋಡಿದರೆ ಮಾವಯ್ಯ ಬಿಡಲಿಲ್ಲ. "ಹೊರಗಿನೋರ್ನ ಬುಟ್ಟು ತಿಂತಾರಾ? ಕೂತ್ಕಳಿ." ಹುಡುಗರು ಹೆಲ್ಮೆಟ್ ಮಡಿಲಲ್ಲಿಟ್ಟುಕೊಂಡು ಸಾಲಿನ ಕೊನೆಗೆ ಚಕ್ಕಳಮಕ್ಕಳ ಹಾಕಿ ಕೂತರು.

ನಮ್ಮ ಪಂಕ್ತಿಗೆ ಎರಡು ನಿಯಮಗಳಿವೆ. ಕೊನೆಯ ಎಲೆಗೆ ಬಡಿಸಿ, ಹಿರಿಯರು ಕೈ ಹಾಕುವ ತನಕ ಯಾರೂ ಮುಟ್ಟುವಂತಿಲ್ಲ. ಕೊನೆಯವರು ಮುಗಿಸಿ, ಹಿರಿಯರು ಏಳುವ ತನಕ ಯಾರೂ ಏಳುವಂತಿಲ್ಲ. ಅನ್ನ, ಸಾರು, ಪಲ್ಯಕ್ಕೆ ಇದು ಬಹಳ ಒಳ್ಳೆಯ ವ್ಯವಸ್ಥೆ. ಆದರೆ ಅಕ್ಕನ ಕಾವಲಿ ಒಂದು ಸಲಕ್ಕೆ ಆರು ಬರ್ಗರ್ ಮಾತ್ರ ಹಿಡಿಯುತ್ತಿತ್ತು.

ನಾನು ಜಾಣತನ ಮಾಡಿ ಸಾಲಿನ ತುದಿಯಲ್ಲೇ ಕೂತಿದ್ದೆ. ಮೊದಲ ಬರ್ಗರ್ ನನ್ನ ಎಲೆಗೇ ಬಂತು. ಹಬೆಯಾಡುತ್ತಿತ್ತು. ಅದನ್ನು ನಾನು ನೋಡಿದೆ. ನನ್ನ ಎಡಗಡೆ ಐದು ಜನ ತಮ್ಮತಮ್ಮದನ್ನು ನೋಡಿದರು. ಉಳಿದವರೆಲ್ಲ ನಮ್ಮದನ್ನು ನೋಡಿದರು. ಎರಡನೆಯ ಆರು ಬರುವ ಹೊತ್ತಿಗೆ ನನ್ನದರ ಹಬೆ ನಿಂತಿತ್ತು. ಮೂರನೆಯದಕ್ಕೆ ಚಟ್ನಿ ಬನ್ನಿಗೆ ಇಳಿದಿತ್ತು. ಎಲೆಯಲ್ಲಿ ಬರೀ ಅದೊಂದೇ ಇರುವುದು ಚೆನ್ನಾಗಿ ಕಾಣುವುದಿಲ್ಲವೆಂದು ಭಾವ ಎಲ್ಲರಿಗೂ ತುದಿಗೆ ಉಪ್ಪು, ಉಪ್ಪಿನಕಾಯಿ ಬಡಿಸಿದ. ಸೋದರತ್ತೆ ನನ್ನ ಕಡೆ ಬಾಗಿ ಪಿಸುಗುಟ್ಟಿದರು: "ಸಾರು ಯಾವಾಗ ಬತ್ತದೆ?"

"ಇದಕ್ಕೆ ಸಾರಿಲ್ಲ ಅತ್ತೆ."

"ಪಾಪ," ಎಂದರು ಅವರು. ಆ ಪಾಪ ಬರ್ಗರಿಗೋ ಅಕ್ಕನಿಗೋ ತಿಳಿಯಲಿಲ್ಲ.

ಆಗ ಒಂದು ಅನಾಹುತವಾಯಿತು. ಬೈಕಿನ ಹುಡುಗರಲ್ಲೊಬ್ಬ ತನ್ನ ಎಲೆಗೆ ಬಿದ್ದ ಕೂಡಲೇ ಬರ್ಗರ್ ಎತ್ತಿ ದೊಡ್ಡದಾಗಿ ಕಚ್ಚಿಬಿಟ್ಟ. ಇಡೀ ಸಾಲು ತಿರುಗಿ ಅವನನ್ನೇ ನೋಡಿತು. ಮೂವತ್ತು ಹಸಿದ ಮುಖಗಳು ಒಟ್ಟಿಗೆ ನೋಡಿದರೆ ಯಾರಿಗಾದರೂ ತುತ್ತು ಇಳಿಯುತ್ತದೆಯೇ? ಅವನು ಅಗಿಯುವುದನ್ನು ಅರ್ಧಕ್ಕೇ ನಿಲ್ಲಿಸಿದ. ಸೋದರತ್ತೆ ಮೆಲ್ಲಗೆ, "ತಡಿ ಮಗಾ, ಇನ್ನೂ ಮೂರು ಎಲೆ ಐತೆ," ಎಂದರು. ಅವನು ಕಚ್ಚಿದ ಬರ್ಗರನ್ನು, ಕಚ್ಚಿದ ಬದಿ ಕಾಣದ ಹಾಗೆ ತಿರುಗಿಸಿ, ಎಲೆಯ ಮೇಲಿಟ್ಟ. ಬಾಯಲ್ಲಿದ್ದುದನ್ನು ನುಂಗಲೋ ಬೇಡವೋ ಎಂದು ತಿಳಿಯದೆ ಕೊನೆಯ ತನಕ ಹಾಗೆಯೇ ಕೂತಿದ್ದ.

ಅಂತೂ ಕೊನೆಯ ಎಲೆ ತುಂಬಿತು. ನಮ್ಮ ಮಾವಯ್ಯ ಈಗ ಬಾಯಿ ಎಷ್ಟಗಲ ತೆಗೆಯುತ್ತಾರೆ ಎಂದು ನಾವೆಲ್ಲ ಕಾದೆವು. ಅವರು ಬಾಯಿ ತೆಗೆಯಲಿಲ್ಲ. ಮೇಲಿನ ಬನ್ನನ್ನು ಎತ್ತಿ ಎಲೆಯ ಎಡಕ್ಕಿಟ್ಟರು. ಕೆಳಗಿನದನ್ನು ಬಲಕ್ಕಿಟ್ಟರು. ಈರುಳ್ಳಿಯನ್ನು ಪಲ್ಯದ ಜಾಗಕ್ಕೆ ಸರಿಸಿದರು. ಕಳಲೆಯ ಬಿಲ್ಲೆಯನ್ನು ಮಧ್ಯಕ್ಕೆ ತಂದು, ಬೆರಳಲ್ಲಿ ಮುರಿದು, ಚಟ್ನಿಗೆ ಒತ್ತಿ ಬಾಯಿಗಿಟ್ಟುಕೊಂಡರು. ಸಾಲಿನ ಉದ್ದಕ್ಕೂ ಎಲ್ಲರೂ ತಮ್ಮ ಬರ್ಗರನ್ನು ಬಿಚ್ಚಿ ಹರವಿದರು. ಮೋಟಾರು ಬಿಚ್ಚಿ ರೂಢಿಯಿರುವುದರಿಂದ ನನಗೆ ಕಷ್ಟವಾಗಲಿಲ್ಲ. ಬೆಂಗಳೂರಿನ ಹುಡುಗರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಬಿಚ್ಚಿದರು. ತಣ್ಣಗಾಗಿದ್ದರೂ ಅದರ ರುಚಿ ಕೆಟ್ಟಿರಲಿಲ್ಲ. ಇದು ನಾನು ಅಕ್ಕನ ತಮ್ಮನೆಂದು ಹೇಳುತ್ತಿರುವ ಮಾತಲ್ಲ.

ಅಕ್ಕ ಕಾವಲಿಯ ಪಕ್ಕದ ಗೋಡೆಗೆ ಒರಗಿ ನಿಂತಿದ್ದಳು. ಈ ಕಡೆ ನೋಡುತ್ತಿರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದಳು. ಮಾವಯ್ಯ ಕಳಲೆ ಮುಗಿಸಿ, ಈರುಳ್ಳಿ ಮುಗಿಸಿ, ಬನ್ನಿನಿಂದ ಎಲೆಯಲ್ಲಿದ್ದ ಚಟ್ನಿಯನ್ನು ಒರೆಸಿ ತಿಂದರು. ಎಲೆ ತೊಳೆದಿಟ್ಟ ಹಾಗಾಯಿತು.

"ಕಳಲೆ ನೆನೆ ಹಾಕಿದ್ದು ಯಾರು?"

"ನಾನೇ ಮಾವಯ್ಯ."

"ಕಹಿ ಇಲ್ಲ," ಎಂದರು. ಎಲ್ಲರೂ ಇನ್ನೂ ಏನಾದರೂ ಹೇಳುತ್ತಾರೇನೋ ಎಂದು ಕಾದರು. ಅವರು ಮಗನ ಕಡೆ ತಿರುಗಿದರು. "ಇನ್ನೊಂದು ಹಾಕು."

ಒಳಗೊಳಗೇ ಕುಣಿಯಬೇಕೆನಿಸಿತು. ಆದರೆ ಕುಣಿಯುವುದಕ್ಕೂ ಏಳಬೇಕಲ್ಲ. ಹಿರಿಯರೇ ಇನ್ನೊಂದು ಹಾಕಿಸಿಕೊಂಡರೆ ಇಡೀ ಪಂಕ್ತಿ ಕೂತಿರಬೇಕು. ಸುಮ್ಮನೆ ಕೂತಿರಲಾರದೆ ಎಲ್ಲರೂ ಇನ್ನೊಂದೊಂದು ಕೇಳಿದರು. ಅಕ್ಕ ಕಾವಲಿಗೆ ಎಣ್ಣೆ ಹಾಕಲು ಹೊರಟಳು.

"ನೀನು ತಿಂದ್ಯಾ?" ಎಂದರು ಮಾವಯ್ಯ.

"ಎಲ್ಲರ್ದೂ ಆಗ್ಲಿ ಮಾವಯ್ಯ, ಆಮೇಲೆ..."

"ಅಂಗಡಿ ಯಾರ್ದು?"

ಭಾವ ಮುಂದೆ ಬಂದು, "ನಮ್ದೇ ಅಪ್ಪಯ್ಯ," ಎಂದ.

"ತೋಟ ನಮ್ದು, ಸ್ಟೋರ್ ನಮ್ದು. ಅಂಗಡಿ ಯಾರ್ದು ಅಂತ ಕೇಳ್ದೆ."

ಅಕ್ಕ ಸೆರಗು ಬಿಟ್ಟು ನೆಟ್ಟಗೆ ನಿಂತಳು. "ನಂದು," ಎಂದಳು.

"ಹಂಗಾರೆ ಬಂದು ಕೂರು. ಯಜಮಾನ್ತಿ ಎಲೇನೇ ಹಾಕಿಲ್ಲ, ಇದ್ಯಾವ ಪಂಕ್ತಿ?" ಎಂದು ತಮ್ಮ ಪಕ್ಕದವರನ್ನು ಸರಿಸಿ ಜಾಗ ಮಾಡಿದರು. ಆಮೇಲೆ ಮಗನಿಗೆ, ನಾಳೆ ಗೊಬ್ಬರ ತರಬೇಕೆಂದು ಹೇಳುವಷ್ಟೇ ಸಹಜವಾಗಿ ಹೇಳಿದರು: "ಈ ಸಲ ಚೀಲನೆಲ್ಲ ಮನೆ ಜಗಲಿಗೆ ಹಾಕ್ಸು. ಇಲ್ಲಿ ಜಾಗ ಇಲ್ಲ."

ಅಕ್ಕ ಬಂದು ಕೂತಳು. ಕೈ ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿಟ್ಟುಕೊಂಡಳು. ಕಾವಲಿ ಭಾವನ ಪಾಲಿಗೆ ಬಂತು. ಅವನು ಹುಟ್ಟಿದ ಮೇಲೆ ನೀರು ಕಾಯಿಸಿದ್ದು ಬಿಟ್ಟರೆ ಒಲೆಯ ಹತ್ತಿರ ಸುಳಿದವನಲ್ಲ. ನನ್ನನ್ನು ಸಹಾಯಕ್ಕೆ ಕರೆದ. ಪಂಕ್ತಿಯಿಂದ ಏಳುವಂತಿಲ್ಲವಲ್ಲ ಎಂದು ಬಹಳ ವಿಷಾದದಿಂದ ತಿಳಿಸಿದೆ. ಅವನ ಮೊದಲ ಆರು ಒಂದು ಕಡೆ ಕಪ್ಪು, ಇನ್ನೊಂದು ಕಡೆ ಹಸಿ. ಅದನ್ನೂ ಬಿಚ್ಚಿ ತಿಂದೆವು. ಅಕ್ಕನಿಗೆ ಬಂದದ್ದು ಕೊನೆಯ ಕಾವಲಿಯದು. ಅಷ್ಟು ಹೊತ್ತಿಗೆ ಭಾವನಿಗೆ ಕೈ ಕುದುರಿತ್ತು.

ನಮ್ಮದೆಲ್ಲ ಮುಗಿಯಿತು. ಅಕ್ಕನದು ಅರ್ಧವೂ ಆಗಿರಲಿಲ್ಲ. ಎಲ್ಲರ ಕೈ ಎಲೆಯ ಮೇಲೆ ಒಣಗುತ್ತಿತ್ತು. ಬಿಸಿಲು ಇಳಿಯುತ್ತಿತ್ತು. ಬೈಕಿನ ಹುಡುಗರು ಬೆಂಗಳೂರು ಸೇರಬೇಕಾಗಿತ್ತು, ಆದರೂ ಈಗ ನಿಯಮ ಕಲಿತಿದ್ದರು, ಮಿಸುಕಲಿಲ್ಲ. ಎಲ್ಲರೂ ತನಗಾಗಿ ಕೂತಿರುವುದು ಗೊತ್ತಾಗಿ ಅಕ್ಕ ಗಡಿಬಿಡಿಯಲ್ಲಿ ಎಲೆ ಮಡಚಲು ಹೋದಳು.

"ನಿಧಾನ್ಕೆ ತಿನ್ನವ್ವ," ಎಂದರು ಮಾವಯ್ಯ. "ಯಾರಿಗೆ ಅರ್ಜೆಂಟು?"

ಆ ಮನೆ ಸೇರಿದ ದಿನದಿಂದ ನನ್ನ ಅಕ್ಕ ಎಲ್ಲರ ಎಲೆ ತೆಗೆದ ಮೇಲೆ ಅಡುಗೆಮನೆಯಲ್ಲಿ ಬೇಗಬೇಗ ತಿಂದು ಮುಗಿಸಿದವಳು. ಅವಳ ಊಟ ಮುಗಿಯಲೆಂದು ಯಾರೂ ಕಾದದ್ದಿಲ್ಲ. ಈಗ ಮೂವತ್ತು ಚಿಲ್ಲರೆ ಜನ, ಎಂಬತ್ತು ದಾಟಿದ ಮಾವನನ್ನೂ ಸೇರಿಸಿ, ಕಾಯುತ್ತಿದ್ದೆವು. ನಾನು ಎಡಗೈಯಲ್ಲಿ ಮೂಗೊರೆಸಿಕೊಂಡೆ. ಸೂಜಿಮೆಣಸಿನ ಖಾರವೆಂದು ಸೋದರತ್ತೆಗೆ ಹೇಳಿದೆ. ಅಕ್ಕ ತಲೆಯೆತ್ತಿ ಆ ಎರಡೂ ಸಾಲನ್ನು ಒಂದು ಸಲ ನೋಡಿದಳು. ಕೂತಲ್ಲೇ ಸ್ವಲ್ಪ ಹಿಂದಕ್ಕೆ ಸರಿದು ನೆಮ್ಮದಿಯಾಗಿ ಚಕ್ಕಳಮಕ್ಕಳ ಹಾಕಿಕೊಂಡಳು. ಉಳಿದದ್ದನ್ನು ಎರಡೂ ಕೈಯಲ್ಲಿ ಹಿಡಿದು, ಬಿಚ್ಚದೆ, ಬಾಯಿ ಅಗಲ ತೆಗೆದು ಕಚ್ಚಿದಳು. ನಿಧಾನವಾಗಿ ಅಗಿದಳು. ಕೊನೆಯ ಚೂರು ಮುಗಿದ ಮೇಲೆ ಬೆರಳು ನೆಕ್ಕಿ, ಕಾವಲಿಯ ಮುಂದೆ ಬೆವರುತ್ತಾ ನಿಂತಿದ್ದ ಭಾವನ ಕಡೆ ತಿರುಗಿದಳು.

"ರೀ, ನಂಗೂ ಇನ್ನೊಂದು ಹಾಕ್ರಿ."

ಯಾರೂ ಏಳಲಿಲ್ಲ.